ಸ್ತ್ರೀ ಹಾರ್ಮೋನುಗಳ ಸಮತೋಲನ: ಸಹಜ ಕ್ರಮಗಳು

ಮುಟ್ಟು, ಗರ್ಭಧಾರಣೆ, ಎದೆಹಾಲು ಮತ್ತು ಋತುಬಂಧಗಳನ್ನು ನಡೆಸುವ ಹಾರ್ಮೋನುಗಳ ಏರಿಳಿತವನ್ನು ಆಹಾರ, ದೈಹಿಕ ಚಟುವಟಿಕೆ, ನಿದ್ರೆ, ಒತ್ತಡ ಶಮನ ಹಾಗೂ ಸಸ್ಯಮೂಲ ಪದಾರ್ಥಗಳ ಮೂಲಕ ಲಯದಲ್ಲಿ ಕಾಪಾಡುವ ಅಥವಾ ತಪ್ಪಿದ ಲಯಕ್ಕೆ ಮರಳಿಸುವ ಕ್ರಮಗಳಿಗೆ ಸ್ತ್ರೀ ಹಾರ್ಮೋನು ಸಮತೋಲನದ ಸಹಜ ಕ್ರಮಗಳು ಎಂದು ಹೆಸರು. ಇವುಗಳಲ್ಲಿ ಕೆಲವನ್ನು ಇಂದಿನ ವೈದ್ಯಕೀಯ ಮಾರ್ಗಸೂಚಿಗಳೇ ಮೊದಲ ಹಂತದ ಚಿಕಿತ್ಸೆಯಾಗಿ ಸೂಚಿಸುತ್ತವೆ. ಕೆಲವು ಮನೆಮದ್ದಿನ ರೂಢಿಯಿಂದ ಬಂದವು, ಸಾಕಷ್ಟು ಪರೀಕ್ಷೆಗೆ ಒಳಗಾಗದವು. ಒಂದು ತೊಂದರೆಗೆ ಹಿತವಾದ ಕ್ರಮ ಇನ್ನೊಂದರಲ್ಲಿ ಕೆಡುಕು ಮಾಡಬಹುದಾದ್ದರಿಂದ, ಯಾವ ಗ್ರಂಥಿಯ ಯಾವ ಏರುಪೇರು ಎಂಬುದು ಗೊತ್ತಾದ ಮೇಲೆಯೇ ಕ್ರಮದ ಆಯ್ಕೆ ಅರ್ಥಪೂರ್ಣವಾಗುತ್ತದೆ.

ಪದ ಮತ್ತು ವ್ಯಾಪ್ತಿ

ನಿರ್ನಾಳ ಗ್ರಂಥಿಗಳು ರಕ್ತಕ್ಕೆ ಸುರಿಸಿ, ದೂರದ ಅಂಗಗಳ ಕೆಲಸವನ್ನು ಪ್ರೇರಿಸುವ ರಾಸಾಯನಿಕವೇ ಹಾರ್ಮೋನು. ಇಂಗ್ಲೆಂಡಿನ ಶರೀರಕ್ರಿಯಾ ವಿಜ್ಞಾನಿ ಅರ್ನೆಸ್ಟ್ ಸ್ಟಾರ್ಲಿಂಗ್ 1905ರಲ್ಲಿ ಗ್ರೀಕ್ ಧಾತುವೊಂದರಿಂದ ಈ ಹೆಸರನ್ನು ಬಳಕೆಗೆ ತಂದರು. ಚಲನೆಗೆ ತೊಡಗಿಸುವುದು ಎಂಬುದು ಅದರ ಅರ್ಥ. ಕನ್ನಡದಲ್ಲಿ ರಸದೂತ, ಚೋದಕ ಎಂಬ ಪದಗಳು ಬಂದರೂ ಹಾರ್ಮೋನು ಎಂಬುದೇ ನಿಂತಿದೆ.

ಸಮತೋಲನ ಎಂದೊಡನೆ ಅಲುಗದೆ ನಿಂತ ತಕ್ಕಡಿ ನೆನಪಾಗುತ್ತದೆ. ಹೆಣ್ಣಿನ ದೇಹದಲ್ಲಿ ಅಂಥ ಸ್ಥಿರ ಬಿಂದು ಇಲ್ಲ. ಒಂದೇ ತಿಂಗಳಲ್ಲಿ ಈಸ್ಟ್ರೊಜೆನ್ ಹಲವು ಪಟ್ಟು ಏರಿ ಇಳಿಯುತ್ತದೆ. ಪ್ರೊಜೆಸ್ಟರಾನ್ ಋತುಚಕ್ರದ ಮೊದಲರ್ಧದಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇದ್ದು, ಅಂಡಾಣು ಹೊರಬಿದ್ದ ಮೇಲೆ ಹೆಚ್ಚುತ್ತದೆ. ಈ ಲೇಖನದಲ್ಲಿ ಸಮತೋಲನ ಎಂದರೆ ಈ ಏರಿಳಿತ ತನ್ನ ತಾಳದಲ್ಲಿ ನಡೆಯುವುದು. ಋತುಚಕ್ರದ ಎಷ್ಟನೇ ದಿನ ಎಂದು ತಿಳಿಯದೆ ತೆಗೆದ ರಕ್ತದ ವರದಿಯಿಂದ ಈ ಎರಡು ಹಾರ್ಮೋನುಗಳ ಬಗ್ಗೆ ಹೇಳಬಹುದಾದ್ದು ತೀರ ಕಡಿಮೆ. ಮಾತಿನಲ್ಲಿ ಓಡಾಡುವ ‘ಹಾರ್ಮೋನ್ ಇಂಬ್ಯಾಲೆನ್ಸ್’ ಕೂಡ ಒಂದು ರೋಗನಿರ್ಣಯವಲ್ಲ.

ಸಹಜ ಎಂಬ ಪದಕ್ಕೂ ಗೆರೆ ಎಳೆಯಬೇಕು. ಋತುಬಂಧದ ತೊಂದರೆಗೆ 1942ರಿಂದ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಈಸ್ಟ್ರೊಜೆನ್ ಮಾತ್ರೆ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದದ್ದು. ರಸಾಯನ ವಿಜ್ಞಾನಿ ರಸೆಲ್ ಮಾರ್ಕರ್ 1940ರ ದಶಕದಲ್ಲಿ ಮೆಕ್ಸಿಕೋದ ಕಾಡುಗೆಣಸಿನ ಡಯಾಸ್ಜೆನಿನ್‌ನಿಂದ ಪ್ರೊಜೆಸ್ಟರಾನ್ ತಯಾರಿಸಿದರು. ಮೂಲದಲ್ಲಿ ಎರಡೂ ನಿಸರ್ಗದವೇ, ಪರಿಣಾಮದಲ್ಲಿ ಎರಡೂ ಔಷಧಗಳೇ. ಮಾರ್ಕರ್ ಪ್ರಯೋಗಶಾಲೆಯಲ್ಲಿ ಮಾಡಿದ ಮಾರ್ಪಾಡು ದೇಹದೊಳಗೆ ನಡೆಯುವುದಿಲ್ಲ. ಕಾಡುಗೆಣಸಿನ ಮುಲಾಮು ಹಚ್ಚಿಕೊಂಡರೆ ಪ್ರೊಜೆಸ್ಟರಾನ್ ಹುಟ್ಟುತ್ತದೆ ಎಂಬ ಪ್ರಚಾರಕ್ಕೆ ಆದ್ದರಿಂದಲೇ ಆಧಾರವಿಲ್ಲ. ವೈದ್ಯರು ಬರೆದುಕೊಡುವ ಹಾರ್ಮೋನು ಮಾತ್ರೆಗಳನ್ನು ಬಿಟ್ಟು ಉಳಿದ ಉಪಾಯಗಳನ್ನು ಇಲ್ಲಿ ಸಹಜ ಕ್ರಮಗಳೆಂದು ಕರೆಯಲಾಗಿದೆ.

ಹಿನ್ನೆಲೆ

ಚರಕಸಂಹಿತೆಯ ಚಿಕಿತ್ಸಾಸ್ಥಾನ ಸ್ತ್ರೀಯರ 20 ಬಗೆಯ ಯೋನಿವ್ಯಾಪತ್ತುಗಳನ್ನು ವಿವರಿಸುತ್ತದೆ. ಅಲ್ಲಿನ ವರ್ಗೀಕರಣ ವಾತ, ಪಿತ್ತ, ಕಫಗಳ ಚೌಕಟ್ಟಿನದು. ಅದರ ಒಂದೊಂದು ಹೆಸರನ್ನೂ ಇಂದಿನ ಒಂದೊಂದು ಕಾಯಿಲೆಗೆ ಜೋಡಿಸುವುದು ಎರಡಕ್ಕೂ ನ್ಯಾಯವಲ್ಲ. ಕನ್ನಡ ನಾಡಿನ ಮನೆಗಳಲ್ಲಿ ಬೇರೆಯದೇ ಅಡುಗೆಯ ಪರಂಪರೆ ಇದೆ. ಹಳೆ ಮೈಸೂರು ಭಾಗದಲ್ಲಿ ಮೈನೆರೆದ ಹುಡುಗಿಗೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ಹಾಕಿದ ಮೆಂತ್ಯದ ಮುದ್ದೆ ತಿನ್ನಿಸುತ್ತಾರೆ. ಬಾಣಂತಿಗೆ ಮೆಂತ್ಯದ ಗಂಜಿ, ಅಂಟಿನುಂಡೆ, ಲೇಹ. ಮೈ ಗಟ್ಟಿಯಾಗಲಿ, ಸೊಂಟ ನಿಲ್ಲಲಿ ಎಂಬುದು ಇವುಗಳ ಉದ್ದೇಶವಾಗಿತ್ತು. ಸುಣ್ಣ (ಕ್ಯಾಲ್ಸಿಯಂ), ಕಬ್ಬಿಣ, ಕೊಬ್ಬು, ಪ್ರೋಟೀನುಗಳನ್ನು ಒಟ್ಟಿಗೆ ಒದಗಿಸುವ ಆಹಾರವಾಗಿ ಅವಕ್ಕೆ ಇಂದಿಗೂ ಬೆಲೆಯಿದೆ.

ಆಧುನಿಕ ಅಧ್ಯಯನದ ಮುಖ್ಯ ಘಟ್ಟ 1929. ಅಮೆರಿಕದ ಎಡ್ವರ್ಡ್ ಡಾಯ್ಸಿ, ಜರ್ಮನಿಯ ಅಡಾಲ್ಫ್ ಬ್ಯೂಟೆನಾಂಟ್ ಬೇರೆಬೇರೆಯಾಗಿ ಈಸ್ಟ್ರೋನ್ ಎಂಬ ಮೊದಲ ಸ್ತ್ರೀ ಹಾರ್ಮೋನನ್ನು ಶುದ್ಧರೂಪದಲ್ಲಿ ಪಡೆದರು. 1935ರಲ್ಲಿ ಷಿಕಾಗೋದ ಸ್ಟೈನ್ ಮತ್ತು ಲೆವೆಂತಾಲ್ ಎಂಬ ವೈದ್ಯರು ಮುಟ್ಟು ತಪ್ಪಿದ, ಅಂಡಾಶಯ ಊದಿದ 7 ಸ್ತ್ರೀಯರನ್ನು ಕುರಿತು ಬರೆದ ವರದಿಯಿಂದ ಇಂದಿನ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್) ಪರಿಕಲ್ಪನೆ ಬೆಳೆಯಿತು. 2002ರಲ್ಲಿ ಅಮೆರಿಕದ ‘ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್’ ಅಧ್ಯಯನ, ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನಿನಂತೆ ವರ್ತಿಸುವ ಔಷಧ) ಜೋಡಿಯ ಪ್ರಯೋಗವನ್ನು ಸ್ತನ ಕ್ಯಾನ್ಸರ್, ಹೃದಯರೋಗಗಳ ಅಪಾಯ ಕಂಡು ಅರ್ಧಕ್ಕೇ ನಿಲ್ಲಿಸಿತು. ಅಲ್ಲಿಂದ ಮುಂದೆ ಹಾರ್ಮೋನಿಲ್ಲದ ಉಪಾಯಗಳತ್ತ ಜಗತ್ತಿನಾದ್ಯಂತ ಒಲವು ಹೆಚ್ಚಿತು. ಋತುಬಂಧದ ಆರಂಭದ ವರ್ಷಗಳಲ್ಲಿರುವ ಆರೋಗ್ಯವಂತ ಸ್ತ್ರೀಯರಿಗೆ ಈ ಅಪಾಯ ಕಡಿಮೆ ಎಂಬುದು ಮುಂದಿನ ವಿಶ್ಲೇಷಣೆಗಳಲ್ಲಿ ತಿಳಿಯಿತು.

ಹಾರ್ಮೋನು ವ್ಯವಸ್ಥೆಯ ರಚನೆ

ಮೆದುಳಿನ ಬುಡದಲ್ಲಿರುವ ಹೈಪೋಥಲಾಮಸ್ ಜಿಎನ್‌ಆರ್‌ಎಚ್ ಎಂಬ ಹಾರ್ಮೋನನ್ನು ಮಿಡಿತ ಮಿಡಿತವಾಗಿ ಬಿಡುತ್ತದೆ. ಋತುಚಕ್ರದ ಮೊದಲರ್ಧದಲ್ಲಿ ಸುಮಾರು 60ರಿಂದ 90 ನಿಮಿಷಕ್ಕೊಂದು ಮಿಡಿತ. ಅದಕ್ಕೆ ಓಗೊಟ್ಟು ಪಿಟ್ಯುಟರಿ ಗ್ರಂಥಿ ಎಫ್‌ಎಸ್‌ಎಚ್, ಎಲ್‌ಎಚ್ ಎಂಬ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅವು ಅಂಡಾಶಯವನ್ನು ಮುಟ್ಟಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಮತ್ತು ಅಲ್ಪ ಪ್ರಮಾಣದ ಆಂಡ್ರೊಜೆನ್ (ಪುರುಷ ಹಾರ್ಮೋನು) ಉತ್ಪತ್ತಿ ಮಾಡಿಸುತ್ತವೆ. ಅಂಡಾಶಯದ ಹಾರ್ಮೋನುಗಳು ತಿರುಗಿ ಮೆದುಳಿಗೆ ವರದಿ ಒಪ್ಪಿಸುತ್ತವೆ. ಪ್ರೌಢ ಸ್ತ್ರೀಯರಲ್ಲಿ 21ರಿಂದ 35 ದಿನಗಳ ಋತುಚಕ್ರ ಸಹಜ.

ಈ ಮುಖ್ಯ ಸರಪಳಿಗೆ ಪಕ್ಕದಿಂದ ಬಂದು ಸೇರುವ ಸಂದೇಶಗಳಿವೆ. ದೇಹದಲ್ಲಿ ಕೊಬ್ಬಿನ ದಾಸ್ತಾನು ಎಷ್ಟಿದೆ ಎಂದು ಲೆಪ್ಟಿನ್ ತಿಳಿಸುತ್ತದೆ. ಇನ್ಸುಲಿನ್ ಹೆಚ್ಚಿದರೆ ಅಂಡಾಶಯ ಹೆಚ್ಚು ಆಂಡ್ರೊಜೆನ್ ತಯಾರಿಸುತ್ತದೆ. ಅದನ್ನು ರಕ್ತದಲ್ಲಿ ಕಟ್ಟಿಹಾಕುವ ಪ್ರೋಟೀನನ್ನು ಪಿತ್ತಜನಕಾಂಗ ಕಡಿಮೆ ಮಾಡುತ್ತದೆ. ದೀರ್ಘಕಾಲದ ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಹೈಪೋಥಲಾಮಸ್‌ನ ಮಿಡಿತವನ್ನು ತಗ್ಗಿಸುತ್ತದೆ. ಥೈರಾಯ್ಡ್ ಕುಂದಿದಾಗ ಎದೆಹಾಲಿನ ಹಾರ್ಮೋನಾದ ಪ್ರೊಲ್ಯಾಕ್ಟಿನ್ ಏರಿ ಅಂಡಾಣು ಬಿಡುಗಡೆ ನಿಲ್ಲಬಹುದು. ಆಹಾರ, ವ್ಯಾಯಾಮ, ನಿದ್ರೆಗಳ ಹಿಡಿತ ಇರುವುದು ಬಹುಮಟ್ಟಿಗೆ ಈ ಪಕ್ಕದ ದಾರಿಗಳ ಮೇಲೆ.

ಏರುಪೇರಿನ ಬಗೆಗಳು ಮತ್ತು ಸಹಜ ಕ್ರಮಗಳ ಪಾತ್ರ

ಪಿಸಿಓಎಸ್. ಸಂತಾನವಯಸ್ಸಿನ ಸ್ತ್ರೀಯರಲ್ಲಿ ಅತಿ ಸಾಮಾನ್ಯವಾದ ಹಾರ್ಮೋನು ತೊಂದರೆಗಳಲ್ಲಿ ಇದೊಂದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಶೇ. 10ರಿಂದ 13ರಷ್ಟು ಮಂದಿಗೆ ಇದೆ. ಜನ ಪಿಸಿಓಡಿ ಎಂದೂ ಕರೆಯುತ್ತಾರೆ. ಮುಟ್ಟಿನ ಅಂತರ ತಪ್ಪುವುದು, ಆಂಡ್ರೊಜೆನ್ ಹೆಚ್ಚಳದ ಲಕ್ಷಣಗಳು (ಗಲ್ಲ, ಮೇಲ್ದುಟಿಯ ಕೂದಲು, ಮೊಡವೆ), ಸ್ಕ್ಯಾನಿಂಗಿನಲ್ಲಿ ಅಂಡಾಶಯದ ತುಂಬ ಸಣ್ಣ ಕೋಶಗಳು: ಈ ಮೂರರಲ್ಲಿ ಎರಡಿದ್ದು, ಬೇರೆ ಕಾರಣಗಳಿಲ್ಲವೆಂದು ಖಚಿತವಾದರೆ ಪಿಸಿಓಎಸ್ ಎನ್ನಬಹುದು ಎಂಬುದು 2003ರ ರಾಟರ್‌ಡ್ಯಾಮ್ ಮಾನದಂಡ. ಹದಿಹರೆಯದವರಲ್ಲಿ ಸ್ಕ್ಯಾನಿಂಗನ್ನು ಆಧಾರವಾಗಿ ಬಳಸುವುದಿಲ್ಲ. ಆ ಕೋಶಗಳು ಗಡ್ಡೆಗಳಲ್ಲ. ಬೆಳವಣಿಗೆ ಅರ್ಧಕ್ಕೆ ನಿಂತ ಅಂಡಾಣು ಚೀಲಗಳು.

ತೊಂದರೆಯ ಹಿಂದೆ ಬಹಳ ಮಂದಿಯಲ್ಲಿ ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡದಿರುವುದು) ಇರುತ್ತದೆ. ಅದರ ಗುರುತು ಕೆಲವರ ಕತ್ತಿನ ಹಿಂಭಾಗದಲ್ಲಿ, ಕಂಕುಳಲ್ಲಿ ಕಾಣುತ್ತದೆ: ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನಂತೆ ದಪ್ಪ. ಅನೇಕ ಮನೆಗಳಲ್ಲಿ ಅದನ್ನು ಕೊಳೆಯೆಂದು ತಿಳಿದು ಕಡಲೆಹಿಟ್ಟು ಹಾಕಿ ಉಜ್ಜುತ್ತಾರೆ. ಉಜ್ಜಿ ಹೋಗುವ ಕಪ್ಪು ಅದಲ್ಲ. ಇನ್ಸುಲಿನ್ ಇಳಿದರೆ ಕ್ರಮೇಣ ತಿಳಿಯಾಗುತ್ತದೆ.

ಸಹಜ ಕ್ರಮಗಳಿಗೆ ಅತಿ ಗಟ್ಟಿ ಆಧಾರವಿರುವುದು ಇಲ್ಲಿಯೇ. ತೂಕ ಹೆಚ್ಚಿರುವವರು ಶೇ. 5ರಿಂದ 10ರಷ್ಟು ಇಳಿಸಿದರೂ ಅನೇಕರಲ್ಲಿ ಅಂಡಾಣು ಬಿಡುಗಡೆ ಮರಳುತ್ತದೆ. 70 ಕಿಲೋ ತೂಗುವವರಿಗೆ ಇದು ಮೂರೂವರೆಯಿಂದ ಏಳು ಕಿಲೋ. 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿ, ಯಾವುದೇ ಒಂದು ಪಥ್ಯ ಇನ್ನೊಂದಕ್ಕಿಂತ ಮೇಲೆಂದು ಸಿದ್ಧವಾಗಿಲ್ಲ, ಬಹುಕಾಲ ನಡೆಸಿಕೊಂಡು ಹೋಗಬಲ್ಲ ಊಟವೇ ಒಳ್ಳೆಯದು ಎನ್ನುತ್ತದೆ. ಪಾಲಿಷ್ ಅಕ್ಕಿಯ ಅನ್ನದ ರಾಶಿಗೆ ಚೂರು ಪಲ್ಯ ಎಂಬ ತಟ್ಟೆಯನ್ನು ತಿರುಗಿಸಿ, ಸೊಪ್ಪು, ಮೊಳಕೆ ಹುರುಳಿ, ಬೇಳೆ, ಮಜ್ಜಿಗೆಯನ್ನು ಹೆಚ್ಚಿಸುವುದು ಇದಕ್ಕೆ ಸಾಕು. ರಾಗಿ, ನವಣೆಗಳಲ್ಲಿ ನಾರು ಹೆಚ್ಚು. ಆದರೂ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಅರಗಿ ಸಕ್ಕರೆಯನ್ನು ಏರಿಸುತ್ತದೆ. ಸಿರಿಧಾನ್ಯ ಎಂಬ ಹೆಸರೊಂದೇ ರಕ್ಷಣೆಯಲ್ಲ. ತೆಳ್ಳಗಿರುವ ಸ್ತ್ರೀಯರಿಗೂ ಪಿಸಿಓಎಸ್ ಬರುತ್ತದೆ. ಅವರಿಗೆ ತೂಕ ಇಳಿಸುವ ಸಲಹೆ ಸಲ್ಲದು.

ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಗತಿಯ ಚಟುವಟಿಕೆ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಎಂಬುದು ಸಾಮಾನ್ಯ ಸೂತ್ರ. ದುಡಿಯುವ ಸ್ನಾಯು ಇನ್ಸುಲಿನ್ ನೆರವಿಲ್ಲದೆಯೂ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ತೂಕ ಇಳಿಯದಿದ್ದರೂ ಲಾಭವಿದೆ. ಬೆಂಗಳೂರಿನ ಎಸ್-ವ್ಯಾಸ ಯೋಗ ವಿಶ್ವವಿದ್ಯಾಲಯದ ಸಂಶೋಧಕರು ಆಂಧ್ರಪ್ರದೇಶದ ಅನಂತಪುರದ ವಸತಿ ಕಾಲೇಜಿನಲ್ಲಿ ಪಿಸಿಓಎಸ್ ಇದ್ದ, 15ರಿಂದ 18 ವಯಸ್ಸಿನ 90 ಹುಡುಗಿಯರನ್ನು ಎರಡು ಗುಂಪು ಮಾಡಿ 12 ವಾರ ಅಧ್ಯಯನ ನಡೆಸಿದರು. ಒಂದು ಗುಂಪಿಗೆ ದಿನಕ್ಕೊಂದು ಗಂಟೆ ಯೋಗ, ಇನ್ನೊಂದಕ್ಕೆ ಅಷ್ಟೇ ಹೊತ್ತು ಮಾಮೂಲಿ ವ್ಯಾಯಾಮ. ಯೋಗದ ಗುಂಪಿನಲ್ಲಿ ಟೆಸ್ಟೊಸ್ಟೆರಾನ್, ಎಲ್‌ಎಚ್ ಮಟ್ಟಗಳು ಹೆಚ್ಚು ಇಳಿದವು. ಎಫ್‌ಎಸ್‌ಎಚ್, ಪ್ರೊಲ್ಯಾಕ್ಟಿನ್‌ಗಳಲ್ಲಿ ಗುಂಪುಗಳ ನಡುವೆ ವ್ಯತ್ಯಾಸ ಕಾಣಲಿಲ್ಲ. ಹೋಲಿಕೆಗೆ ಇನ್ನೊಂದು ವ್ಯಾಯಾಮವನ್ನೇ ಇಟ್ಟದ್ದು ಈ ಅಧ್ಯಯನದ ಬಲ. ಸಂಖ್ಯೆ ಚಿಕ್ಕದು, ಅವಧಿ ಕಿರಿದು ಎಂಬುದು ಮಿತಿ.

ಹೈಪೋಥಲಾಮಸ್ ಮೂಲದ ಮುಟ್ಟಿನ ಸ್ಥಗಿತ. ಹೊರನೋಟಕ್ಕೆ ಪಿಸಿಓಎಸ್‌ನಂತೆಯೇ ತಿಂಗಳುಗಟ್ಟಲೆ ಮುಟ್ಟಿಲ್ಲ. ಒಳಗಿನ ಕಾರಣ ತದ್ವಿರುದ್ಧ. ತಿನ್ನುವುದು ಸಾಲದೆ, ವ್ಯಾಯಾಮ ಅತಿಯಾಗಿ, ಅಥವಾ ಪರೀಕ್ಷೆ, ಶೋಕಗಳ ಒತ್ತಡ ಸೇರಿ ಮೆದುಳು ಸಂತಾನದ ಕೆಲಸವನ್ನು ಮುಂದೂಡುತ್ತದೆ. ವ್ಯಾಯಾಮಕ್ಕೆ ವ್ಯಯವಾದದ್ದನ್ನು ಕಳೆದು, ಕೊಬ್ಬುರಹಿತ ತೂಕದ ಪ್ರತಿ ಕಿಲೋಗೆ ದಿನಕ್ಕೆ ಸುಮಾರು 30 ಕಿಲೋಕ್ಯಾಲೊರಿಗಿಂತ ಕಡಿಮೆ ಉಳಿದರೆ ಎಲ್‌ಎಚ್ ಮಿಡಿತ ಕುಗ್ಗುವುದನ್ನು ಪ್ರಯೋಗಗಳು ತೋರಿಸಿವೆ. ಕೊಬ್ಬುರಹಿತ ತೂಕ 40 ಕಿಲೋ ಇರುವವರಿಗೆ ಈ ಗಡಿ 1,200 ಕಿಲೋಕ್ಯಾಲೊರಿ. ಓಟಗಾರ್ತಿಯರು, ನರ್ತಕಿಯರು, ಕಟ್ಟುನಿಟ್ಟು ಡಯಟ್ ಹಿಡಿದ ಕಾಲೇಜು ಹುಡುಗಿಯರು ಇದಕ್ಕೆ ಹೆಚ್ಚು ತುತ್ತಾಗುತ್ತಾರೆ. ಚಿಕಿತ್ಸೆಯೆಂದರೆ ಹೊಟ್ಟೆ ತುಂಬ ಊಟ, ವ್ಯಾಯಾಮದಲ್ಲಿ ಕಡಿತ, ಮನಸ್ಸಿನ ನೆರವು. ಇವರಿಗೆ ಪಿಸಿಓಎಸ್‌ನ ಪಥ್ಯ ಹೇಳಿದರೆ ಮುಟ್ಟು ಇನ್ನಷ್ಟು ದೂರ ಹೋಗುತ್ತದೆ, ಮೂಳೆ ಸವೆಯುತ್ತದೆ.

ಥೈರಾಯ್ಡ್ ತೊಂದರೆಗಳು. ಥೈರಾಯ್ಡ್ ಕುಂದುವಿಕೆ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚು. ಮುಟ್ಟಿನ ಅತಿಸ್ರಾವ, ಆಯಾಸ, ಕೂದಲುದುರುವಿಕೆ ಇದರ ಲಕ್ಷಣಗಳು. ಇಲ್ಲಿ ಸಹಜ ಕ್ರಮದ ಮುಖ್ಯ ಪಾತ್ರ ತಡೆಗಟ್ಟುವುದರಲ್ಲಿ. ಅಯೋಡಿನ್ ಕೊರತೆಯಿಂದ ಥೈರಾಯ್ಡ್ ಊದುವ ಗಳಗಂಡದ ನಿಯಂತ್ರಣ ಕಾರ್ಯಕ್ರಮವನ್ನು ಭಾರತ 1962ರಲ್ಲಿ ಆರಂಭಿಸಿತು. ಬಳಕೆದಾರರ ಕೈಸೇರುವ ಉಪ್ಪಿನಲ್ಲಿ ದಶಲಕ್ಷಕ್ಕೆ ಕನಿಷ್ಠ 15 ಭಾಗ ಅಯೋಡಿನ್ ಇರಬೇಕು. ನೈಸರ್ಗಿಕವೆಂದು ಸೈಂಧವ ಲವಣಕ್ಕೋ ಅಯೋಡಿನ್ ಬೆರೆಸದ ಕಲ್ಲುಪ್ಪಿಗೋ ಪೂರ್ತಿ ಬದಲಾದ ಮನೆಗಳು ಈ ರಕ್ಷಣೆಯನ್ನು ಕಳೆದುಕೊಳ್ಳುತ್ತವೆ. ಗ್ರಂಥಿಯೇ ಕುಂದಿದ ಮೇಲೆ ಥೈರಾಕ್ಸಿನ್ ಮಾತ್ರೆಗೆ ಬದಲಿ ಆಹಾರವಿಲ್ಲ, ಮೂಲಿಕೆಯಿಲ್ಲ. ಮಾತ್ರೆಯನ್ನು ಬರಿ ಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಕಾಫಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಾಫಿ ಮಾತ್ರೆಯ ಹೀರಿಕೆಯನ್ನು ತಗ್ಗಿಸುತ್ತದೆ. ಸುಣ್ಣದ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರ ಬೇಕು. ಕೂದಲಿಗೆಂದು ನುಂಗುವ ಬಯೋಟಿನ್ ರಕ್ತಪರೀಕ್ಷೆಯ ಫಲಿತಾಂಶವನ್ನೇ ತಪ್ಪಿಸಬಲ್ಲದು.

ಮುಟ್ಟಿನ ಮುಂಚಿನ ತೊಂದರೆಗಳು. ಸಿಡುಕು, ಸ್ತನ ನೋವು, ಹೊಟ್ಟೆಯುಬ್ಬರಗಳಿಗೆ ದಿನಕ್ಕೆ 1,200 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟ 1998ರ ಅಮೆರಿಕದ ಪ್ರಯೋಗದಲ್ಲಿ ಮೂರು ಋತುಚಕ್ರಗಳ ನಂತರ ಲಕ್ಷಣಗಳು ಶೇ. 48ರಷ್ಟು ಇಳಿದವು, ಹುಸಿಮಾತ್ರೆ (ಔಷಧವಿಲ್ಲದ ಮಾತ್ರೆ) ಪಡೆದವರಲ್ಲಿ ಶೇ. 30ರಷ್ಟು. ಹುಸಿಮಾತ್ರೆಗೂ ಇಷ್ಟು ಇಳಿಕೆ ಸಿಗುವುದರಿಂದ, ಹೋಲಿಕೆಯಿಲ್ಲದ ಅನುಭವ ಕಥನಗಳು ಈ ಕ್ಷೇತ್ರದಲ್ಲಿ ಬೇಗ ದಾರಿ ತಪ್ಪಿಸುತ್ತವೆ.

ಋತುಬಂಧ. 12 ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಋತುಬಂಧವಾಯಿತೆಂದು ಲೆಕ್ಕ. ಭಾರತೀಯ ಸ್ತ್ರೀಯರಲ್ಲಿ ಸರಾಸರಿ 46–47ರ ಸುಮಾರಿಗೆ, ಪಾಶ್ಚಾತ್ಯ ದೇಶಗಳಲ್ಲಿ 51ರ ಸುಮಾರಿಗೆ ಆಗುತ್ತದೆ. ಅಂಡಾಶಯ ಈಸ್ಟ್ರೊಜೆನ್ ತಯಾರಿಯನ್ನು ನಿಲ್ಲಿಸುವುದು ಇಲ್ಲಿ ಸಹಜ ಘಟನೆ. ಹಳೆಯ ಮಟ್ಟವನ್ನು ಮರಳಿ ತರುವ ಆಹಾರ ಇಲ್ಲ. ದಿಢೀರನೆ ಮೈ ಬಿಸಿಯೇರಿ ಬೆವರುವುದಕ್ಕೆ, ಉತ್ತರ ಅಮೆರಿಕದ ಋತುಬಂಧ ತಜ್ಞರ ಸಂಘ 2023ರಲ್ಲಿ ಹಾರ್ಮೋನಿಲ್ಲದ ಕ್ರಮಗಳನ್ನೆಲ್ಲ ತೂಗಿ ನೋಡಿತು. ಆಲೋಚನಾ ಕ್ರಮವನ್ನು ತಿದ್ದುವ ಮನೋಚಿಕಿತ್ಸೆ, ವೈದ್ಯಕೀಯ ಸಮ್ಮೋಹನ, ತೂಕ ಇಳಿಕೆಗಳಿಗೆ ಒಪ್ಪಿಗೆ ಸಿಕ್ಕಿತು. ಯೋಗ, ಸೋಯಾ, ಮೂಲಿಕೆಗಳಿಗೆ ಈ ಒಂದು ಲಕ್ಷಣದ ಮಟ್ಟಿಗೆ ಸಿಗಲಿಲ್ಲ. ಸೋಯಾದ ಅಂಶವನ್ನು ಈಕ್ವಾಲ್ ಎಂಬ ಸಕ್ರಿಯ ರೂಪಕ್ಕೆ ತಿರುಗಿಸುವ ಕರುಳಿನ ಬ್ಯಾಕ್ಟೀರಿಯಾ ಎಲ್ಲರಲ್ಲೂ ಇಲ್ಲದಿರುವುದು ಫಲಿತಾಂಶಗಳ ಗೊಂದಲಕ್ಕೆ ಒಂದು ಕಾರಣ. ಮೂಳೆ, ನಿದ್ರೆ, ಹೃದಯಗಳ ದೃಷ್ಟಿಯಿಂದ ವ್ಯಾಯಾಮದ ಬೆಲೆ ಹಾಗೆಯೇ ಉಳಿಯುತ್ತದೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಇದೆ; ಇದು ಧಾನ್ಯಗಳಲ್ಲೇ ಹೆಚ್ಚು.

ಮೂಲಿಕೆಗಳು ಮತ್ತು ಬೀಜಗಳು

ಸ್ತ್ರೀರೋಗಗಳಿಗೆ ಅತಿ ಹೆಸರಾದ ಮೂಲಿಕೆ ಅಶೋಕ. ಅಶೋಕಾರಿಷ್ಟ ಎಂಬ ಆಯುರ್ವೇದ ಔಷಧಕ್ಕೆ ಬೇಕಾದ ತೊಗಟೆ ಪಶ್ಚಿಮ ಘಟ್ಟದ ನೆರಳಿನಲ್ಲಿ, ಹೊಳೆದಂಡೆಗಳಲ್ಲಿ ಬೆಳೆಯುವ ಸೀತಾ ಅಶೋಕದ್ದು. ಅದರ ಎಳೆಯ ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ. ಬಲಿತ ಕೊಂಬೆಯಿಂದಲೇ ಕಿತ್ತಳೆ, ಕೆಂಪು ಹೂಗೊಂಚಲು ಮೂಡುತ್ತದೆ. ಶಾಲೆ, ಕಚೇರಿಗಳ ಬೇಲಿಯಂಚಿನಲ್ಲಿ ನೆಟ್ಟಗೆ ನಿಲ್ಲುವ, ಅಲೆಯಂಚಿನ ಉದ್ದೆಲೆಯ ಕಂಬದ ಅಶೋಕ ಬೇರೆಯೇ ಕುಟುಂಬದ ಮರ. ಮಾರುಕಟ್ಟೆಯಲ್ಲಿ ಇದರ ತೊಗಟೆಯನ್ನು ಸೀತಾ ಅಶೋಕದ ಹೆಸರಿನಲ್ಲಿ ಬೆರೆಸುವುದು ಹಲವು ಪರೀಕ್ಷೆಗಳಲ್ಲಿ ಕಂಡಿದೆ. ತೊಗಟೆಗಾಗಿ ಮರವನ್ನೇ ಸುಲಿದ ಕಾರಣ ಸೀತಾ ಅಶೋಕ ಅಳಿವಿನ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿ ಸೇರಿದೆ. ಅತಿಸ್ರಾವದಲ್ಲಿ ಅದರ ಗುಣವನ್ನು ದೊಡ್ಡ ಪ್ರಯೋಗಗಳು ಇನ್ನೂ ಪರೀಕ್ಷಿಸಬೇಕಾಗಿದೆ.

ಶತಾವರಿಗೆ ಕನ್ನಡದಲ್ಲಿ ಹಲವು ಮಕ್ಕಳ ತಾಯಿ ಬೇರು ಎಂಬ ಹೆಸರಿದೆ. ಒಂದೇ ಬುಡದಿಂದ ಗೊಂಚಲಾಗಿ ಇಳಿಯುವ ಗೆಡ್ಡೆಗಳನ್ನು ಕಂಡು ಇಟ್ಟದ್ದು. ಎದೆಹಾಲು ಹೆಚ್ಚಿಸಲು ಬಳಕೆಯಿದೆ, ಪ್ರಯೋಗಗಳು ಚಿಕ್ಕವು. ಯುರೋಪಿನಲ್ಲಿ ಮುಟ್ಟಿನ ಮುಂಚಿನ ತೊಂದರೆಗೆ ಬಳಸುವ ವೈಟೆಕ್ಸ್ ಹಣ್ಣು ಪ್ರೊಲ್ಯಾಕ್ಟಿನ್ ತಗ್ಗಿಸುತ್ತದೆ. 2001ರಲ್ಲಿ ಪ್ರಕಟವಾದ 170 ಸ್ತ್ರೀಯರ ಪ್ರಯೋಗದಲ್ಲಿ ಶೇ. 52ರಷ್ಟು ಮಂದಿಗೆ ಗುಣ ಕಂಡಿತು, ಹುಸಿಮಾತ್ರೆಯವರಲ್ಲಿ ಶೇ. 24ರಷ್ಟು. ನಮ್ಮ ಲಕ್ಕಿ ಗಿಡ ಅದೇ ಕುಲದ್ದಾದರೂ ಬೇರೆ ಪ್ರಭೇದ. ಒಂದರ ಫಲಿತಾಂಶ ಇನ್ನೊಂದಕ್ಕೆ ಸಲ್ಲುವುದಿಲ್ಲ. ಪುದೀನ ಚಹಾವನ್ನು ದಿನಕ್ಕೆರಡು ಬಾರಿಯಂತೆ 30 ದಿನ ಕುಡಿದ ಪಿಸಿಓಎಸ್ ಸ್ತ್ರೀಯರಲ್ಲಿ ಟೆಸ್ಟೊಸ್ಟೆರಾನ್ ಇಳಿದರೂ ಮುಖದ ಕೂದಲಿನ ಅಳತೆ ಅಷ್ಟರಲ್ಲಿ ಬದಲಾಗಲಿಲ್ಲ.

ಋತುಚಕ್ರದ ಮೊದಲರ್ಧದಲ್ಲಿ ಅಗಸೆ ಮತ್ತು ಕುಂಬಳಬೀಜ, ಎರಡನೆಯ ಅರ್ಧದಲ್ಲಿ ಎಳ್ಳು ಮತ್ತು ಸೂರ್ಯಕಾಂತಿ ಬೀಜ ತಿನ್ನುವ ‘ಸೀಡ್ ಸೈಕ್ಲಿಂಗ್’ ಈಚೆಗೆ ಪ್ರಚಾರದಲ್ಲಿದೆ. ಅಗಸೆಯಲ್ಲಿ ಲಿಗ್ನಾನ್ ಎಂಬ ಸಸ್ಯ ಈಸ್ಟ್ರೊಜೆನ್ ಇರುವುದು ನಿಜ. 1993ರ, 18 ಸ್ತ್ರೀಯರ ಒಂದು ಅಧ್ಯಯನದಲ್ಲಿ ಅದು ಋತುಚಕ್ರದ ಎರಡನೆಯ ಅರ್ಧವನ್ನು ತುಸು ಉದ್ದವಾಗಿಸಿತು. ದಿನ ನೋಡಿ ಬೀಜ ಬದಲಿಸುವುದರಿಂದ ವಿಶೇಷ ಲಾಭ ಎಂಬುದು ರುಜುವಾತಾಗಿಲ್ಲ. ಪೌಷ್ಟಿಕ ಆಹಾರವಾಗಿ ಬೀಜಗಳನ್ನು ದಿನವೂ ತಿನ್ನಬಹುದು.

ಅಪಾಯಗಳು

ಹಿರೇಮದ್ದು (ಅಶ್ವಗಂಧ) ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಪಿತ್ತಜನಕಾಂಗಕ್ಕೆ ಪೆಟ್ಟಾದ ವರದಿಗಳಿವೆ, ಗರ್ಭಿಣಿಯರಿಗೆ ಸಲ್ಲದು. ಡೆನ್ಮಾರ್ಕ್ 2023ರಲ್ಲಿ ಅದರ ಮಾರಾಟವನ್ನು ನಿಷೇಧಿಸಿತು. 2008ರಲ್ಲಿ ಅಮೆರಿಕದ ಸಂಶೋಧಕರು ಅಂತರ್ಜಾಲದಲ್ಲಿ ಕೊಂಡ 193 ಆಯುರ್ವೇದ ತಯಾರಿಕೆಗಳನ್ನು ಪರೀಕ್ಷಿಸಿದಾಗ ಸುಮಾರು ಐದರಲ್ಲೊಂದು ಭಾಗದಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತು. ತಯಾರಕರ ಹೆಸರು, ಪರವಾನಗಿ ಸಂಖ್ಯೆ ಇಲ್ಲದ ಪುಡಿಗಳನ್ನು ಬಳಸಬಾರದು. ಸ್ತನ ಕ್ಯಾನ್ಸರ್ ಇದ್ದವರು ಸಸ್ಯ ಈಸ್ಟ್ರೊಜೆನ್ ಮಾತ್ರೆಗಳನ್ನು ವೈದ್ಯರನ್ನು ಕೇಳದೆ ಸೇವಿಸಬಾರದು.

ಮನೆಮದ್ದಿನಲ್ಲಿ ಕಾಲ ಕಳೆಯಬಾರದ ಸ್ಥಿತಿಗಳಿವೆ. ಋತುಬಂಧವಾಗಿ ವರ್ಷ ಕಳೆದ ಮೇಲೆ ಕಂಡ ರಕ್ತ, ಒಂದು ಕಲೆಯಷ್ಟಿದ್ದರೂ, ಗರ್ಭಕೋಶದ ಕ್ಯಾನ್ಸರ್ ಇಲ್ಲವೆಂದು ಖಚಿತಪಡಿಸಿಕೊಳ್ಳಬೇಕಾದ ಸೂಚನೆ. 40ಕ್ಕೆ ಮುಂಚೆ ಮುಟ್ಟು ನಿಂತವರಿಗೆ, ಶಸ್ತ್ರಚಿಕಿತ್ಸೆಯಲ್ಲಿ ಎಳೆಯ ವಯಸ್ಸಿಗೇ ಎರಡೂ ಅಂಡಾಶಯ ಕಳೆದುಕೊಂಡವರಿಗೆ, ಮೂಳೆ ಮತ್ತು ಹೃದಯದ ರಕ್ಷಣೆಗಾಗಿ ಹಾರ್ಮೋನು ಚಿಕಿತ್ಸೆಯೇ ಬೇಕಾಗುತ್ತದೆ. ಪಿಸಿಓಎಸ್‌ನಲ್ಲಿ ಮುಟ್ಟು ಮೂರು ತಿಂಗಳಿಗೂ ಮೀರಿ ಬಾರದಿರುವುದು ಮತ್ತೆ ಮತ್ತೆ ನಡೆದರೆ ಗರ್ಭಕೋಶದ ಒಳಪದರ ದಪ್ಪಗಾಗುತ್ತದೆ. ಅತಿಸ್ರಾವದಿಂದ ರಕ್ತಹೀನತೆ ಹೆಚ್ಚುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇತ್ತು.

ಇಂದಿನ ಸ್ಥಿತಿ

ಆಯುರ್ವೇದ, ಯೋಗ ಮೊದಲಾದ ಪದ್ಧತಿಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಆಯುಷ್ ಸಚಿವಾಲಯ 2014ರಲ್ಲಿ ಪ್ರತ್ಯೇಕವಾಗಿ ರಚನೆಯಾಯಿತು. ಅದೇ ವರ್ಷ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಹದಿಹರೆಯದವರ ಆಪ್ತಸಲಹಾ ಕೇಂದ್ರಗಳು ಕರ್ನಾಟಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಎಂಬ ಹೆಸರಿನಲ್ಲಿ ನಡೆಯುತ್ತವೆ. ಮುಟ್ಟಿನ ತೊಂದರೆಯನ್ನು ಹುಡುಗಿಯರು ಅಲ್ಲಿ ಹೇಳಿಕೊಳ್ಳಬಹುದು. ಪಿಸಿಓಎಸ್‌ನ 2023ರ ಮಾರ್ಗಸೂಚಿ ಇನಾಸಿಟಾಲ್ ಎಂಬ ಆಹಾರ ಪೂರಕವನ್ನು, ಆಧಾರ ಸೀಮಿತ ಎಂಬುದನ್ನು ತಿಳಿಸಿ, ರೋಗಿಯೊಡನೆ ಚರ್ಚಿಸಿ ಕೊಡಬಹುದು ಎಂದಿದೆ. ಭಾರತದಲ್ಲಿ ನಡೆಯುವ ಔಷಧ ಪ್ರಯೋಗಗಳನ್ನು ಮುಂಚಿತವಾಗಿ ಬಹಿರಂಗವಾಗಿ ದಾಖಲಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ 2007ರಲ್ಲಿ ಆರಂಭವಾಗಿ 2009ರಿಂದ ಕಡ್ಡಾಯವಾಯಿತು. ಯೋಗ ಮತ್ತು ಮೂಲಿಕೆಗಳ ಪ್ರಯೋಗಗಳೂ ಅಲೋಪತಿ ಔಷಧಗಳ ಪ್ರಯೋಗಗಳೂ ಇಂದು ಅದೇ ಪಟ್ಟಿಯಲ್ಲಿ ಸೇರುತ್ತಿವೆ.